ಪುಕ್ಕದ ಗಾಳ

೧೪ ಅಕ್ಟೋಬರ್ ೨೦೨೪, ಬೈಲಹೊಂಗಲ

ಇವತ್ತು ಚೆಂಡು ನನ್ನ ಮೋರೆಗೆ ಬಂತು. ಇವರ ಬಲಗೈಯ ಬೆರಳು ಮಡಚಿಸಲೆಂದು ಧಾರವಾಡದ ಡಾಕ್ಟರು ಕೊಟ್ಟ ರಬ್ಬರ್ ಚೆಂಡು. ಬಲಗೈಯಲ್ಲಿ ಇಟ್ಟರೆ ಉರುಳಿ ಬೀಳುತ್ತದೆ, ಎಡಗೈಗೆ ಸಿಕ್ಕರೆ ಹೀಗೆ ಹಾರಿ ಬರುತ್ತದೆ. ಎಡಗೈಯ ಗುರಿ ಚೆನ್ನಾಗಿದೆ ಎಂದು ಡಾಕ್ಟರಿಗೆ ಹೇಳಬೇಕು.

ಜೂನ್‌ನಲ್ಲಿ ಇವರಿಗೆ ಲಕ್ವ ಹೊಡೆದಾಗಿನಿಂದ ನಾನು ಬರೆಯುವುದೆಂದರೆ ಗುಳಿಗೆಯ ಹೊತ್ತು, ಬಿಪಿ, ಎಷ್ಟು ಉಂಡರು, ಎಷ್ಟು ಉಗುಳಿದರು, ಇಷ್ಟೇ ಆಗಿತ್ತು. ಇನ್ನು ಮೇಲೆ ನನ್ನದನ್ನೂ ಬರೆಯುತ್ತೇನೆ. ಬಾಯಿಬಿಟ್ಟು ಹೇಳಲು ಯಾರಿದ್ದಾರೆ? ಅತ್ತೆಗೆ ಹೇಳಿದರೆ ಅವರ ಮಗ. ತಂಗಿ ನಾಗರತ್ನಾಳಿಗೆ ಹೇಳಿದರೆ ಫೋನಿನಲ್ಲೇ ಅಳಲು ಶುರು ಮಾಡುತ್ತಾಳೆ, ಆಮೇಲೆ ಅವಳನ್ನು ನಾನೇ ಸಮಾಧಾನ ಮಾಡಬೇಕು.

ಚೆಂಡು ಎಸೆದಾದ ಮೇಲೆ ಇವರಿಗೆ ಏನೋ ನೆನಪಾಯಿತು. "ಅಟ್ಟದ ಮ್ಯಾಲಿನ ಡಬ್ಬಿ ತಗೊಂಬಾ" ಅಂದರು. ಬಾಯಿ ಸೊಟ್ಟಗಾದದ್ದರಿಂದ ಮಾತು ಅಗಿದು ಉಗುಳಿದ ಹಾಗೆ ಬರುತ್ತದೆ. ಆದರೂ ಯಾವ ಡಬ್ಬಿ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಇವರು ಕಾರವಾರದಲ್ಲಿ ರಸ್ತೆ ಗುತ್ತಿಗೆ ಮಾಡುತ್ತಿದ್ದಾಗ ಗೋವೆಯವನೊಬ್ಬ ಕಲಿಸಿದ ಚಟ ಅದು. ಗಾಳಕ್ಕೆ ಎರೆಹುಳ ಚುಚ್ಚುವುದಲ್ಲ. ಪುಕ್ಕ, ಕೂದಲು, ಮಿಂಚುವ ಎಳೆ ಕಟ್ಟಿ ಗಾಳವನ್ನೇ ಮರಿಮೀನಿನ ಹಾಗೆ, ಸಿಗಡಿಯ ಹಾಗೆ ಕಾಣಿಸುವುದು. ಅದಕ್ಕೆ ಫ್ಲೈ ಎನ್ನುತ್ತಾರಂತೆ. ಭಾರದ ದಾರಕ್ಕೆ ಅದನ್ನು ಕಟ್ಟಿ ಉದ್ದನೆಯ ಕೋಲಿನಿಂದ ಚಾಟಿ ಬೀಸಿದ ಹಾಗೆ ಬೀಸುವುದು. ಮೀನು ಮೋಸಹೋಗಿ ಕಚ್ಚಿದರೆ ಎಳೆದು, ನೋಡಿ, ಮತ್ತೆ ನೀರಿಗೆ ಬಿಡುವುದು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿರಲಿ, ಹೆಸರನ್ನೂ ಎತ್ತುವುದಿಲ್ಲ. ಗುತ್ತಿಗೆ ಮುಗಿದು ಊರಿಗೆ ಬಂದ ಮೇಲೂ ಸಮುದ್ರದ ಏರಿಳಿತ ಜೋರಿರುವ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಇವರು ಕಾರವಾರಕ್ಕೆ ಹೋಗುತ್ತಿದ್ದರು. ಬೀಗರ ಮುಂದೆ ನಾವು "ಸೈಟಿನ ಕೆಲಸ" ಅನ್ನುತ್ತಿದ್ದೆವು. ಹಿಡಿದು ಬಿಡುವುದಕ್ಕೆ ಅಷ್ಟು ದೂರ ಯಾಕೆ ಎಂದು ಒಮ್ಮೆ ಕೇಳಿದ್ದೆ. "ನಿನಗ ತಿಳಿಯಂಗಿಲ್ಲ" ಅಂದಿದ್ದರು. ಮತ್ತೆ ಕೇಳಲಿಲ್ಲ.

ಡಬ್ಬಿ ತೆರೆದುಕೊಟ್ಟೆ. ಎಡಗೈಯಲ್ಲಿ ಒಂದೊಂದೇ ಗಾಳ ಎತ್ತಿ ಬೆಳಕಿಗೆ ಹಿಡಿದರು. ತುಕ್ಕು ಹಿಡಿದದ್ದನ್ನು ಬದಿಗಿಟ್ಟರು. ಆಮೇಲೆ ಹೊಸದೊಂದನ್ನು ಕಟ್ಟಲು ನೋಡಿದರು. ದಾರ ಹಲ್ಲಿನಲ್ಲಿ ಕಚ್ಚಿಕೊಂಡು, ಮೊಣಕೈಯಿಂದ ಒತ್ತಿ, ಬಹಳ ಹೊತ್ತು ಹೆಣಗಿದರು. ಜೊಲ್ಲು ದಾರದ ಮೇಲೆ ಇಳಿಯಿತು. ಒರೆಸಲು ಹೋದೆ, ತಳ್ಳಿದರು.

ಕೊನೆಗೆ ಡಬ್ಬಿ ನನ್ನ ಕಡೆ ನೂಕಿ, "ನೀ ಕಟ್ಟು" ಅಂದರು.

೧೭ ಅಕ್ಟೋಬರ್

ಕಟ್ಟಿದೆ. ಒಲ್ಲೆ ಅಂದರೆ ಊಟ ಮಾಡುವುದಿಲ್ಲ ಎಂದು ಕುಳಿತರು, ಅದಕ್ಕೆ.

ಮೇಜಿನ ಅಂಚಿಗೆ ಒಂದು ಪುಟ್ಟ ಇಕ್ಕಳ ಬಿಗಿಯಬೇಕು. ಅದರ ಬಾಯಲ್ಲಿ ಗಾಳ. ಗಾಳದ ಬೆನ್ನಿಗೆ ದಾರ ಸುತ್ತಿ, ಸೀಸದ ಕಣ್ಣೆರಡನ್ನು ಕೂರಿಸಿ, ಮೇಲೆ ಬಿಳಿ ಕೂದಲು, ಅದರ ಮೇಲೆ ಗಿಳಿಹಸಿರು ಕೂದಲು. ಕೊನೆಗೆ ಗಂಟು, ಗಂಟಿನ ಮೇಲೆ ಒಂದು ಹನಿ ಉಗುರುಬಣ್ಣ.

"ಬಿಗಿ ಹಿಡಿ. ಏನ್ ಹೂವಿನ ಸರಾ ಪೋಣಸಾಕತ್ತೀಯೇನ?"

"ಬಿಗಿ ಹಿಡದ್ರ ಹರಿತೈತ್ರಿ."

"ಹರೀದಂಗ ಬಿಗಿ ಹಿಡಿಬೇಕು! ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ಎರಡು ಸಲ ದಾರ ಹರಿಯಿತು. ಮೂರನೆಯದಕ್ಕೆ ಕೂದಲೆಲ್ಲ ಒಂದೇ ಕಡೆ ವಾಲಿ ನೆನೆದ ಬೆಕ್ಕಿನ ಹಾಗೆ ಕಂಡಿತು. ಇವರು ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದರು. ನಾನು ಸ್ನಾನ ಮಾಡಿ, ಮತ್ತೊಮ್ಮೆ ಸ್ನಾನ ಮಾಡಿ ಪೂಜೆಗೆ ಕುಳಿತೆ. ಬೆರಳಿನಿಂದ ವಾಸನೆ ಹೋಗಿರಲಿಲ್ಲ.

ಅತ್ತೆ ತಂಗೆವ್ವ ಬಾಗಿಲಲ್ಲಿ ನಿಂತು ನೋಡಿದರು. "ಯಾತರ ಕೂದ್ಲಬೇ ಅದು?"

"ಜಿಂಕಿದಂತ ಅತ್ತಿ."

"ಶಿವಶಿವಾ" ಎಂದು ಒಳಗೆ ಹೋದರು. ಮಗನಿಗೆ ಒಂದು ಮಾತೂ ಅನ್ನಲಿಲ್ಲ.

೨೫ ಅಕ್ಟೋಬರ್

ಇವತ್ತೂ ಬೈಗುಳ. ಬರೆಯುವುದೇನಿಲ್ಲ.

೩ ನವೆಂಬರ್

ಹಬ್ಬದ ಮಾರನೆಯ ದಿನ ಕಿತ್ತೂರಿನಿಂದ ಸಿದ್ಧಾರೂಢಣ್ಣ ಬಂದಿದ್ದರು. ಇವರ ಜೊತೆ ಕಾರವಾರಕ್ಕೆ ಹೋಗುತ್ತಿದ್ದ ಗೆಳೆಯ ಅವರೊಬ್ಬರೇ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಗಟ್ಟಿ ನಗು, ಗಟ್ಟಿ ದನಿ. ಇವರು ಹಾಸಿಗೆ ಹಿಡಿದ ಮೇಲೆ ಬಂದದ್ದು ಇದು ಎರಡನೇ ಸಲ. ಕಣ್ಣು ತಪ್ಪಿಸಿಕೊಂಡು ಮಾತಾಡಿದರು, ಕೊನೆಗೆ ಮಾತು ಮೀನಿಗೆ ತಿರುಗಿದ ಮೇಲೆ ಸರಾಗವಾದರು.

ನಾನು ಚಹಾ ಸೋಸುತ್ತಿದ್ದೆ. ಅವರು ಅಡಿಗೆಮನೆಯ ತನಕ ಬಂದು ಹೇಳಿದರು. "ವೈನಿ, ನೀವು ನೋಡಬೇಕಿತ್ರಿ ಇಂವನ್ನ. ಮೀನ ಬಿಡೂ ಮುಂದ ಎರಡೂ ಕೈಲೆ ನೀರಾಗ ಹಿಡಕೊಂಡು ನಿಂದರತಿದ್ದ. ಅದು ದಣದಿರತೈತಿ ನೋಡ್ರಿ. ಉಸರು ಬರೂ ತನಕ ಹಿಂದ ಮುಂದ ಆಡಿಸ್ಕೋತ, ಅದರ ಕೂಡ ಮಾತಾಡ್ಕೋತ... ಸಣ್ಣ ಕೂಸಿನ ಕೂಡ ಮಾತಾಡಿಧಂಗ! ನಾವೆಲ್ಲಾ ನಗತಿದ್ವಿ. ಇಂವಾ ಅಲ್ಲಾಡತಿದ್ದಿಲ್ಲ. ಅದು ತಾನ ಬಾಲ ಬಡದು ಹೋಗಬೇಕು, ಅಲ್ಲೀ ತನಕ ಬಿಡತಿದ್ದಿಲ್ಲ."

ನಾನು ನಕ್ಕೆ. ನಗಬೇಕಾಗಿತ್ತು.

ಟೈಫಾಯ್ಡ್ ಆಗಿ ನಾನು ನೆಲ ಹಿಡಿದಾಗ ಇವರು ಕೋಣೆಯ ಹೊಸ್ತಿಲ ಮೇಲೆ ನಿಂತು, "ಇನ್ನೂ ಎದ್ದಿಲ್ಲೇನು?" ಎಂದು ಕೇಳಿ ಹೋಗುತ್ತಿದ್ದರು. ಹೊಸ್ತಿಲು ದಾಟಿದ ನೆನಪಿಲ್ಲ. ನಾನು ಇಷ್ಟು ವರ್ಷ ಅಂದುಕೊಂಡಿದ್ದೆ, ಇವರ ಸ್ವಭಾವವೇ ಅಷ್ಟು, ತಾಳ್ಮೆ ಎನ್ನುವುದನ್ನು ದೇವರು ಇವರಿಗೆ ಹಾಕಲೇ ಇಲ್ಲ ಎಂದು. ಹಾಗಂದುಕೊಂಡು ಬಾಳುವುದು ಸುಲಭವಿತ್ತು. ಇತ್ತಂತೆ. ತಾಳ್ಮೆ ಬೇಕಾದಷ್ಟು ಇತ್ತಂತೆ. ಎಲ್ಲವನ್ನೂ ಕಾಳಿ ನದಿಯ ಬಾಯಲ್ಲಿ, ಹೆಸರು ಗೊತ್ತಿಲ್ಲದ ಮೀನುಗಳಿಗೆ ಕೊಟ್ಟು ಬರುತ್ತಿದ್ದರಂತೆ.

ಸಿದ್ಧಾರೂಢಣ್ಣ ಹೋಗುವಾಗ ನಾನು ಕಟ್ಟಿದ ಗಾಳಗಳನ್ನು ಕೊಟ್ಟು ಕಳಿಸಿದೆವು. ಚಹಾದಲ್ಲಿ ಸಕ್ಕರೆ ಹಾಕಿರಲಿಲ್ಲ ಎಂದು ಅವರು ಹೋದ ಮೇಲೆ ಗೊತ್ತಾಯಿತು. ಪಾಪ, ಸುಮ್ಮನೆ ಕುಡಿದಿದ್ದಾರೆ.

೧೯ ನವೆಂಬರ್

ಸಿದ್ಧಾರೂಢಣ್ಣನ ಫೋನು. ಹುಣ್ಣಿಮೆಯ ನೀರಿಗೆ ಹೋಗಿದ್ದರಂತೆ. ಪೇಟೆಯ ಗಾಳಗಳಿಗೆ ಏನೂ ಬೀಳಲಿಲ್ಲವಂತೆ. ನಾನು ಕಟ್ಟಿದ ಬಿಳಿಯದಕ್ಕೆ ಚೊಣಕ ಬಿತ್ತಂತೆ. ದೊಡ್ಡ ಬಾಯಿಯ, ಬೆಳ್ಳಿ ಮೈಯ ಮೀನು. ಸಿಹಿನೀರು ಉಪ್ಪುನೀರು ಕೂಡುವಲ್ಲಿ ಕಾಯ್ದುಕೊಂಡಿರುತ್ತದಂತೆ.

ಇವರ ಮುಖ ಅರಳಿತು. "ನಾ ಹೇಳಿಕೊಟ್ಟದ್ದು" ಎಂದು ಫೋನಿನಲ್ಲಿ ಕೂಗಿದರು.

ಆ ಬಿಳಿಯದು ಇವರು ಹೇಳಿಕೊಟ್ಟದ್ದಲ್ಲ. ಜಿಂಕೆಯ ಕೂದಲು ನೀರಿನಲ್ಲಿ ಸೆಟೆದು ನಿಲ್ಲುತ್ತದೆ, ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದ್ದೆ. ಇವರನ್ನು ಎತ್ತಿ ಕೂರಿಸಲು ಬರುವ ಭಾಗೀರಥಿ ಕುರಿಗಾರರ ಮನೆಯವಳು. ಅವಳ ತಂದೆ ಮಾಳಪ್ಪನ ಹಿಂಡಿನ ಬಿಳಿ ಆಡಿನ ಕೂದಲು ತರಿಸಿದೆ. ನೀರಿಗಿಳಿದರೆ ಅದು ಉಸಿರಾಡುತ್ತದೆ. ಅದಕ್ಕೆ ಗಣಪತಿ ಹಬ್ಬದಲ್ಲಿ ಉಳಿದ ಝಗಮಗದ ಎಳೆ ಎರಡೇ ಎರಡು ಸೇರಿಸಿದ್ದೆ. ಮೂರಾದರೆ ಆಡಂಬರವಾಗುತ್ತದೆ.

ಹೇಳಲಿಲ್ಲ. ಇವರು ರಾತ್ರಿ ಎರಡು ರೊಟ್ಟಿ ಉಂಡರು.

೮ ಡಿಸೆಂಬರ್

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ಇವರ ಹಟಕ್ಕೆ ಸವದತ್ತಿಯ ಕಡೆ ಮಲಪ್ರಭೆಯ ಹಿನ್ನೀರಿಗೆ ಹೋದೆವು. ಸಿದ್ಧಾರೂಢಣ್ಣನ ಕಾರು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಗಾಡಿಗಳು ದಾರಿಯುದ್ದಕ್ಕೂ ಭಂಡಾರ ಹಾರಿಸುತ್ತ ನಡೆದಿದ್ದವು. ನೀರಿನ ದಂಡೆಯಲ್ಲಿ ಜಾಲಿಯ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಇವರನ್ನು ಕೂರಿಸಿದೆವು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಕೋಲು ಹಿಡಿದೆ. ಗಾಳದ ಮೊನೆ ಮುರಿದು, ಬರೀ ಪುಕ್ಕ ಬಿಟ್ಟಿದ್ದೆವು, ಕಲಿಯಲಿಕ್ಕೆ.

ಮೊದಮೊದಲು ದಾರವೆಲ್ಲ ನನ್ನ ತಲೆಯ ಮೇಲೇ ಬಿತ್ತು.

"ಅವಸರ ಮಾಡಬ್ಯಾಡ" ಅಂದರು ಇವರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ತಿರುಗಿ ನೋಡಿದೆ. "ಹಿಂದ ಬೀಸಿ ನಿಂದರು. ಹಿಂದ ದಾರ ಪೂರಾ ಬಿಚ್ಚಿಕೊಳ್ಳಲಿ. ಅದು ಬಿಚ್ಚಿದ್ದು ನಿನ್ನ ಕೈಗೆ ತಿಳೀತೈತಿ, ಸಣ್ಣಗ ಜಗ್ಗಿಧಂಗ. ಆಮ್ಯಾಲ ಮುಂದ ಬೀಸು."

ನಿಂತೆ. ಬೆನ್ನ ಹಿಂದೆ ಕಾಣದ ಕಡೆ ದಾರ ಬಿಚ್ಚಿಕೊಂಡು, ಯಾರೋ ಮೆಲ್ಲಗೆ ಕೈ ಜಗ್ಗಿದ ಹಾಗಾಯಿತು. ಮುಂದೆ ಬೀಸಿದೆ. ದಾರ ನೀರಿನ ಮೇಲೆ ಉದ್ದಕ್ಕೆ ಮಲಗಿತು. ಪುಕ್ಕ ಕೊನೆಯಲ್ಲಿ ಬಿತ್ತು, ಸದ್ದಿಲ್ಲದೆ.

"ಹಾಂ!" ಅಂದರು ಇವರು. "ಗಂಗಾ, ಹಾಂ!"

ನನ್ನ ಹೆಸರು ಆ ದನಿಯಲ್ಲಿ ಕೇಳಿದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಅಲ್ಲಿಗೇ ಎದ್ದು ಬರಬೇಕಿತ್ತು. ಇವರು ತಾವೂ ಬೀಸುತ್ತೇನೆಂದರು. ಎಡಗೈಯಲ್ಲಿ ಕೋಲು ಕೊಟ್ಟೆವು. ದಾರ ಹಿಂದೆ ಹೋಗದೆ ಕುರ್ಚಿಗೆ, ಕುತ್ತಿಗೆಗೆ, ಕಿವಿಗೆ ಸುತ್ತಿಕೊಂಡಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಅವರು ಕೆಟ್ಟದ್ದಕ್ಕೆ ನಗಲಿಲ್ಲ, ನಾನು ಸುತ್ತಿಕೊಂಡಾಗಲೂ ನಕ್ಕಿದ್ದರು. ಬಿಡಿಸಲು ಬಗ್ಗಿದಾಗ ಇವರು ಕೋಲಿನ ಹಿಡಿಯಿಂದ ನನ್ನ ಮಣಿಕಟ್ಟಿಗೆ ಹೊಡೆದರು.

"ಕಲಿಸಿದ್ದಕ್ಕ ನನ್ನ ಮುಂದನ ಮೆರಿಯಾಕ ಬಂದಿ."

ಸಿದ್ಧಾರೂಢಣ್ಣ ನೀರು ನೋಡುತ್ತ ನಿಂತರು. ಮಣಿಕಟ್ಟು ಊದಿದೆ. ಆದರೆ ಬೀಸಬಹುದು, ಮನೆಗೆ ಬಂದು ಮಾಳಿಗೆಯ ಮೇಲೆ ನೋಡಿದೆ.

೨೨ ಡಿಸೆಂಬರ್

ಮಧ್ಯಾಹ್ನದ ಗುಳಿಗೆ ಮರೆತಿದ್ದೆ, ಭಾಗೀರಥಿ ನೆನಪಿಸಿದಳು. ಸಿಗಡಿಯಂಥದ್ದನ್ನು ಕಟ್ಟುವುದರಲ್ಲಿದ್ದೆ. ಕಂದು ಹುಂಜದ ಕುತ್ತಿಗೆಯ ಗರಿಯನ್ನು ಗಾಳದ ಉದ್ದಕ್ಕೂ ಸುತ್ತಿ ಕೆಳಗಡೆ ಮಾತ್ರ ಬಿಟ್ಟು ಮೇಲಿನದನ್ನು ಕತ್ತರಿಸಿದರೆ ಕಾಲುಗಳಾಗುತ್ತವೆ. ಮೀಸೆಗೆ ಹಂದಿಕೂದಲಿನ ಬ್ರಶ್ಶಿನಿಂದ ಎರಡು ಎಳೆ. ಅತ್ತೆಗೆ ಹೇಳಿಲ್ಲ.

ನೀರು ತಿಳಿಯಿದ್ದರೆ ತೆಳ್ಳಗೆ, ತಿಳಿಬಣ್ಣ. ರಾಡಿಯಿದ್ದರೆ ಕಪ್ಪು, ದಪ್ಪ. ರಾಡಿಯಲ್ಲಿ ಮೀನು ಕಣ್ಣಿನಿಂದಲ್ಲ, ನೀರಿನ ಅಲುಗಾಟದಿಂದ ಗುರುತು ಹಿಡಿಯುತ್ತದೆ. ಇದನ್ನು ಇವರೇ ಹೇಳಿದ್ದು. ಈಗ ಹೇಳುವುದು ಕಡಿಮೆ ಮಾಡಿದ್ದಾರೆ.

೧೩ ಜನವರಿ ೨೦೨೫, ಕಾರವಾರ

ಹುಣ್ಣಿಮೆ. ನಾಳೆ ಸಂಕ್ರಾಂತಿ. ಅತ್ತೆ ಎಳ್ಳು ಹುರಿದು ಒಬ್ಬರೇ ಕುಳಿತಿರುತ್ತಾರೆ.

ಬರುವುದು ಬೇಡವೆಂದು ಡಾಕ್ಟರೂ ಹೇಳಿದ್ದರು. ಇವರು ಕೇಳಲಿಲ್ಲ. "ಒಮ್ಮಿ ನೀರು ನೋಡಬೇಕು" ಅಂದರು, ಅದೊಂದೇ ಮಾತು, ದಿನವೂ. ಧಾರವಾಡ, ಯಲ್ಲಾಪುರ, ಅಂಕೋಲಾ ದಾಟಿ ನಿನ್ನೆ ಸಂಜೆಗೆ ಮುಟ್ಟಿದೆವು. ಘಟ್ಟದಲ್ಲಿ ಇವರಿಗೆ ವಾಂತಿಯಾಯಿತು. ಆದರೂ ಸಮುದ್ರದ ವಾಸನೆ ಬಂದಾಗ ಕಿಟಕಿಗೆ ಮುಖವಿಟ್ಟು ಮಗುವಿನ ಹಾಗೆ ಕುಳಿತಿದ್ದರು.

ದೋಣಿಯ ಪುರ್ಸು ಇವರನ್ನು ಹಳೆಯ ಕಾಲದಿಂದ ಬಲ್ಲವನು. ಕಾಲು ಮುಟ್ಟಿ ನಮಸ್ಕಾರ ಮಾಡಿ, ಎತ್ತಿ ದೋಣಿಯ ನಡುವೆ ಕುರ್ಚಿಯಲ್ಲಿ ಕೂರಿಸಿ, ಹಗ್ಗದಿಂದ ಕುರ್ಚಿಯನ್ನು ಬಿಗಿದ. ಸಿದ್ಧಾರೂಢಣ್ಣ ಹಿಂದೆ, ನಾನು ಮುಂದೆ. ನೀರು ಇಳಿಯುತ್ತಿತ್ತು. ಉಪ್ಪುನೀರಿನ ಕೆಸರಿನಲ್ಲಿ ಬೆಳೆದ ಕಾಂಡ್ಲ ಗಿಡಗಳ ಬೇರುಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಆ ಬೇರಿನ ಸಂದಿಯಿಂದ ನೀರಿನ ಜೊತೆ ಸಣ್ಣ ಜೀವಗಳೆಲ್ಲ ಹೊರಗೆ ಹರಿದು ಬರುತ್ತವೆ, ಬಾಯಿ ತೆರೆದುಕೊಂಡು ದೊಡ್ಡವು ಕಾದಿರುತ್ತವೆ.

ಇವರೇ ಮೊದಲು ಬೀಸಿದರು. ಎಡಗೈ. ದಾರ ದೋಣಿಯ ಪಕ್ಕಕ್ಕೇ ಕುಸಿಯಿತು. ಮತ್ತೆ, ಮತ್ತೆ. ಪುರ್ಸು ಪ್ರತಿ ಸಲವೂ "ಗಾಳಿ ಅದೆ ಸಾಹೇಬರೇ, ಗಾಳಿ" ಅಂದ. ಗಾಳಿ ಇರಲಿಲ್ಲ. ಕೊನೆಗೆ ಕೋಲನ್ನು ನನ್ನ ಕಡೆ ಚಾಚಿದರು.

"ಹಸರು ಬಿಳಿದು ಕಟ್ಟು."

ಕಟ್ಟಿದೆ. ಬೀಸಿದೆ, ಎಳೆದೆ, ಬೀಸಿದೆ. ಏನೂ ಇಲ್ಲ. ಬೇರಿನ ಹತ್ತಿರ ನೀರಿನ ಮೇಲೆ ಏನೋ ಚಿಟಿಚಿಟಿ ಹಾರುತ್ತಿತ್ತು. ಕಂದು, ಪಾರದರ್ಶಕ. ಸಿಗಡಿಯ ಮರಿ. ಮರಿಮೀನು ಒಂದೂ ಕಾಣಲಿಲ್ಲ.

"ಸಿಗಡೀದು ಹಾಕ್ತೀನ್ರಿ."

"ಹಸರು ಬಿಳಿದಽ ಇರಲಿ. ಮೂವತ್ತು ವರ್ಷ ಈ ನೀರು ನೋಡೇನಿ ನಾ."

ನಾನು ಗಾಳ ಬದಲಿಸಿದೆ. ಇವರಿಗೆ ಬೆನ್ನು ಮಾಡಿ ನಿಂತು ಬದಲಿಸಿದೆ, ಬಚ್ಚಿಟ್ಟುಕೊಳ್ಳಲೇನೂ ಅಲ್ಲ, ಬೆಳಕು ಆ ಕಡೆ ಇತ್ತು. ಬೇರಿನ ಪಕ್ಕಕ್ಕೆ ಇಳಿಸಿ, ಎರಡು ಸಲ ಮೆಲ್ಲಗೆ ಜಗ್ಗಿ, ಸುಮ್ಮನೆ ಬಿಟ್ಟೆ. ಸಿಗಡಿ ಅಂಜಿದಾಗ ಹಾಗೇ ಮಾಡುತ್ತದೆ, ಹಾರಿ, ಆಮೇಲೆ ಸತ್ತ ಹಾಗೆ ಇಳಿಯುತ್ತದೆ.

ಇಳಿಯುವಾಗ ಕಚ್ಚಿತು.

ಅದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ದಾರ ಬೆರಳು ಸೀಳಿಕೊಂಡು ಓಡಿತು. ನೀರು ಒಡೆದು ಇಡೀ ಮೀನು ಗಾಳಿಗೆ ಬಂದು ತಲೆ ಕೊಡವಿತು. ಕಿವಿರು ತೆರೆದು ಗಲಗಲ ಸದ್ದಾಯಿತು, ಗೆಜ್ಜೆಯ ಹಾಗೆ. ಪುರ್ಸು ಕೂಗಿದ, ಸಿದ್ಧಾರೂಢಣ್ಣ ಕೂಗಿದರು. ಇವರೂ ಕೂಗುತ್ತಿದ್ದರು, ಕೋಲು ಎತ್ತು, ಇಳಿಸು, ದಾರ ಬಿಡು, ಹಿಡಿ. ಒಂದೂ ನನ್ನ ಕಿವಿಗೆ ಹೋಗಲಿಲ್ಲ. ಕೇಳಬೇಕಾದದ್ದನ್ನೆಲ್ಲ ದಾರವೇ ಹೇಳುತ್ತಿತ್ತು. ನಾನು ಅಳುತ್ತಿದ್ದೆ ಎಂದು ಸಿದ್ಧಾರೂಢಣ್ಣ ಆಮೇಲೆ ಹೇಳಿದರು. ಸುಳ್ಳಿರಬೇಕು.

ಮೀನು ದಣಿದು ದೋಣಿಯ ಮಗ್ಗುಲಿಗೆ ಬಂತು. ಒಂದು ಕಣ್ಣು ಮೇಲಕ್ಕೆ, ಬಿಸಿಲಿಗೆ ಕೆಂಪಗೆ ಹೊಳೆಯಿತು. ನಾನು ಕೋಲು ಸಿದ್ಧಾರೂಢಣ್ಣನಿಗೆ ಕೊಟ್ಟು, ಬಗ್ಗಿ, ಎರಡೂ ಕೈ ನೀರಿಗೆ ಹಾಕಿದ್ದೆ. ಇನ್ನೇನು ಮುಟ್ಟಬೇಕು.

ಕಟ್ ಎಂದು ಸದ್ದಾಯಿತು.

ದಾರ ಕತ್ತರಿಸುವ ಪುಟ್ಟ ಕತ್ತರಿ ಇವರ ಕೊರಳಲ್ಲಿ ಯಾವಾಗಲೂ ತೂಗುತ್ತಿರುತ್ತದೆ. ಎಡಗೈ ಚಾಚಿ ದಾರ ಕತ್ತರಿಸಿದ್ದರು.

ಮೀನು ಅರೆಗಳಿಗೆ ಅಲ್ಲೇ ನಿಂತಿತು, ಬಿಡುಗಡೆಯಾದದ್ದು ಅದಕ್ಕೂ ತಿಳಿಯದ ಹಾಗೆ. ಆಮೇಲೆ ಬೆನ್ನು ತಿರುಗಿಸಿ ಕೆಳಗೆ ಹೋಯಿತು. ನಾನು ಕಟ್ಟಿದ ಗಾಳ ಅದರ ತುಟಿಯಲ್ಲೇ ಇತ್ತು.

"ಕೋಲು ಮುರೀತಿತ್ತು" ಅಂದರು ಇವರು. "ದಾರ ಸುತ್ತಿತ್ತು. ನೀ ನೋಡಲಿಲ್ಲ."

ದಾರ ಸುತ್ತಿರಲಿಲ್ಲ. ಪುರ್ಸು ಯಂತ್ರ ಚಾಲೂ ಮಾಡಿದ. ಯಾರೂ ಹೇಳಿರಲಿಲ್ಲ, ತಾನಾಗಿಯೇ ಮಾಡಿದ.

೧೫ ಜನವರಿ

ಮನೆ. ದಾರಿಯಲ್ಲಿ ಇವರಿಗೆ ನೀರು ಕುಡಿಸಿದೆ, ಬಾಯಿ ಒರೆಸಿದೆ, ಕಾಲು ತಿಕ್ಕಿದೆ. ಇವರು ಕಿತ್ತೂರು ದಾಟುವಾಗ, "ಬೈಯಬಾರದೇನು ಒಮ್ಮಿ?" ಅಂದರು.

ನಾನು ಸಿದ್ಧಾರೂಢಣ್ಣನನ್ನು ಕೇಳಿದೆ, ಅಮಾವಾಸ್ಯೆಗೆ ಇಳಿತ ಎಷ್ಟು ಹೊತ್ತಿಗೆ ಎಂದು.

೬ ಫೆಬ್ರುವರಿ

ಕತ್ತರಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದೇನೆ. ಇವರು ಕೊರಳು ತಡವಿಕೊಂಡರು, ಕೇಳಲಿಲ್ಲ. ಒಳ್ಳೆಯದಾಯಿತು.

ಭಾಗೀರಥಿ ಆಡಿನ ಕೂದಲನ್ನು ಸೋಪಿನ ಪುಡಿಯಲ್ಲಿ ತೊಳೆದು ಹಾಳು ಮಾಡಿಟ್ಟಿದ್ದಳು, ಹಗ್ಗದ ಹಾಗೆ ಗಂಟುಗಂಟು. ಎಷ್ಟು ಸಲ ಹೇಳುವುದು! ಕಿತ್ತು ಅವಳ ಮುಂದೆಯೇ ಬುಟ್ಟಿಗೆ ಹಾಕಿದೆ. "ಅಷ್ಟೂ ತಿಳಿಯಂಗಿಲ್ಲೇನು ನಿನಗ?" ಅಂದೆ. ಅವಳು ತುಟಿ ಕಚ್ಚಿಕೊಂಡು ನಿಂತಳು. ಅತ್ತೆ ಪಡಸಾಲೆಯಿಂದಲೇ, "ಒಬ್ಬಾಂವ ಸಾಕಾಗಿತ್ತು ಈ ಮನಿಗೆ" ಅಂದರು. ಯಾರಿಗೆ ಅಂದರೋ, ಈಚೆಗೆ ಅವರ ಮಾತಿಗೆ ತಲೆಬುಡ ಇರುವುದಿಲ್ಲ.

ಇವರ ಕೋಣೆಯಿಂದ ಮಧ್ಯಾಹ್ನವೆಲ್ಲ ಒಂದು ಸದ್ದು. ರಬ್ಬರ್ ಚೆಂಡು ನೆಲಕ್ಕೆ ಬೀಳುವುದು, ಭಾಗೀರಥಿ ಎತ್ತಿಕೊಡುವುದು, ಮತ್ತೆ ಬೀಳುವುದು. ಬಾಗಿಲು ಹಾಕಿಕೊಂಡು ಕಟ್ಟಬೇಕಾಯಿತು. ಸದ್ದಿದ್ದರೆ ದಾರದ ಬಿಗಿ ತಪ್ಪುತ್ತದೆ.

೧೮ ಫೆಬ್ರುವರಿ

ಮೂರು ಬಗೆ ಸಾಕು ಎಂದು ತೀರ್ಮಾನಿಸಿದೆ. ಏರುನೀರಿಗೆ ಬಿಳಿ ಆಡಿನದು. ಇಳಿನೀರಿಗೆ ಕಂದು ಸಿಗಡಿ. ಮೋಡ ಇದ್ದರೆ ಕಪ್ಪು. ಹೆಚ್ಚು ಒಯ್ದರೆ ಹೊತ್ತೆಲ್ಲ ಬದಲಿಸುವುದರಲ್ಲೇ ಹೋಗುತ್ತದೆ.

ಇವರು ಬಾಗಿಲಿಗೆ ಬಂದಿದ್ದರು, ಕೋಲೂರಿಕೊಂಡು, ಭಾಗೀರಥಿಯ ಹೆಗಲು ಹಿಡಿದು. ಅಷ್ಟು ದೂರ ನಡೆದು ಬಂದದ್ದು ಮೊದಲ ಸಲ ಎಂದು ಅವಳು ಹೇಳಿದಳು.

"ಮೀಸಿ ಉದ್ದ ಆತು" ಅಂದರು, ಸಿಗಡಿಯನ್ನು ನೋಡಿ.

"ಇರಲಿ" ಅಂದೆ.

ತಿರುಗಿ ಹೋದರು. ಮೀಸೆ ಉದ್ದವೇ ಆಗಿತ್ತು. ಕತ್ತರಿಸಿದೆ.

೨೬ ಫೆಬ್ರುವರಿ

ಶಿವರಾತ್ರಿ. ನಾಳೆ ಹೊರಡುವುದು, ಅಮಾವಾಸ್ಯೆಯ ನೀರು. ಈ ಸಲ ಸಿದ್ಧಾರೂಢಣ್ಣನ ಹೆಂಡತಿ ಸೀತವ್ವನೂ ಬರುತ್ತಾಳೆ, ಆದ್ದರಿಂದ ಊರವರ ಬಾಯಿಗೆ ಮೇವಿಲ್ಲ. ಅತ್ತೆ ಉಪವಾಸ ಮಾಡಿ ನನಗೆ ಬೆನ್ನು ಹಾಕಿ ಕುಳಿತಿದ್ದಾರೆ.

ಇವರು ಕೇಳಿದರು, "ಯಾವಾಗ ಬರ್ತಿ?"

"ಮೀನ ಬಿದ್ದಂಗ."

"ನಾನೂ..." ಎಂದು ಶುರು ಮಾಡಿ, ನನ್ನ ಮುಖ ನೋಡಿ, "ಹುಷಾರಿ" ಅಂದರು.

೨೮ ಫೆಬ್ರುವರಿ, ಕಾರವಾರ

ಬೆಳಗಿನ ಇಳಿತ. ನೀರು ತಿಳಿ. ಸಿಗಡಿ.

ಮೊದಲನೆಯದು ಸಣ್ಣದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಂಡೆಯ ಮಗ್ಗುಲಲ್ಲಿ ನೀರು ಒಮ್ಮೆ ಉಬ್ಬಿ ಇಳಿಯಿತು, ಅಡಿಯಲ್ಲಿ ದೊಡ್ಡದೊಂದು ಮಗ್ಗುಲು ಬದಲಿಸಿದ ಹಾಗೆ. ಪುರ್ಸು ಬೆರಳು ತೋರಿಸಿ ಉಸಿರು ಹಿಡಿದ. ಅಷ್ಟರಲ್ಲಿ ಸೊಂಟದ ಚೀಲದಲ್ಲಿ ಫೋನು ನಡುಗಿತು. ತೆಗೆದು ನೋಡಿದೆ, ಇವರದು. ಯಾವ ಗಾಳ ಕಟ್ಟೀದಿ, ನೀರು ಹೆಂಗೈತಿ, ಹಸಿರು ಬಿಳಿಯದು ಕಟ್ಟು. ಕೇಳುವುದು ಅಷ್ಟೇ ತಾನೆ. ಚೀಲಕ್ಕೆ ಹಾಕಿದೆ. ಮತ್ತೆ ನಡುಗಿತು. ಬೀಸುತ್ತಿದ್ದೆ, ದಾರ ಹಿಂದೆ ಇತ್ತು. ಮತ್ತೊಮ್ಮೆ.

"ಅಕ್ಕಾ, ಫೋನು" ಅಂದ ಪುರ್ಸು.

"ಇರಲಿ."

ಬಿತ್ತು. ಸಂಕ್ರಾಂತಿಯದಕ್ಕಿಂತ ದೊಡ್ಡದು. ಈ ಸಲ ನಾನೇ ಮುಟ್ಟಿದೆ, ನಾನೇ ಬಿಚ್ಚಿದೆ. ತಣ್ಣಗೆ, ಗಟ್ಟಿಯಾಗಿ, ಕೈಯೊಳಗೆ ಒಂದು ಇಡೀ ಜೀವ. ನೀರಿನಲ್ಲಿ ಹಿಡಿದುಕೊಂಡಿದ್ದೆ, ಅದು ಹೋಗುವ ತನಕ. ಸೀತವ್ವ ಫೋಟೋ ತೆಗೆದಳು. ಫೋಟೋದಲ್ಲಿ ನನ್ನ ಮುಖ ನನಗೇ ಗುರುತು ಸಿಗಲಿಲ್ಲ, ಅಷ್ಟು ಮೆತ್ತಗಿದೆ.

ಸಂಜೆ ಫೋನು ನೆನಪಾಯಿತು. ಹಚ್ಚಿದೆ. ಭಾಗೀರಥಿ ಎತ್ತಿ, "ಮಲಗ್ಯಾರ್ರಿ ಅಕ್ಕಾರ" ಅಂದಳು. ಬೇರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರೋಗ್ಯವಾಗಿದ್ದಾರೆ, ಅಷ್ಟು ಸಾಕು.

೧ ಮಾರ್ಚ್, ಬೈಲಹೊಂಗಲ

ಗಾಳಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಲು ಹಾಕಿದೆ. ಉಪ್ಪು ಬಿಟ್ಟರೆ ಒಂದೇ ದಿನಕ್ಕೆ ತುಕ್ಕು.

ಭಾಗೀರಥಿ ಕೈ ಒರೆಸಿಕೊಳ್ಳುತ್ತ ಬಂದು ಹಿತ್ತಲಲ್ಲಿ ನಿಂತಳು. "ಅಕ್ಕಾರ, ನಿನ್ನೆ ಸಾಹೇಬ್ರು ನಿಮಗ ಫೋನ್ ಹಚ್ಚಿದ್ರಲ್ರಿ. ಅವರ ಬಲಗೈ ದಾರ ಹಿಡದಿತ್ರಿ. ಗಾಳಕ್ಕ ತಾವಽ ಸುತ್ತಿದ್ರಿ, ಎರಡು ಸುತ್ತು. ಬೆರಳು ನಡಗತಿದ್ವು, ಆದ್ರ ಬಿಡಲಿಲ್ರಿ. ಅಜ್ಜಿಗೆ ತೋರಿಸಿದ್ರು, ನನಗ ತೋರಿಸಿದ್ರು. ನಿಮಗ ಹೇಳಬೇಕಂತ ಮೂರು ಸಲ ಹಚ್ಚಿದ್ರಿ. ಸಣ್ಣ ಹುಡುಗರಂಗ ನಗಾಕತ್ತಿದ್ರು. ಆಮ್ಯಾಲ ಫೋನ್ ಇಟ್ಟು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು."

"ನಿನ್ನೇನ ಯಾಕ ಹೇಳಲಿಲ್ಲ ನೀ?"

"ಹೇಳಬ್ಯಾಡ ಅಂದ್ರಿ."

ಇವರ ಕೋಣೆಗೆ ಹೋದೆ. ಇಕ್ಕಳ ಕಿಟಕಿಯ ಕಟ್ಟೆಯ ಮೇಲಿತ್ತು, ಗಾಳ ಇರಲಿಲ್ಲ.

"ಕೈ ತೋರಿಸ್ರಿ" ಅಂದೆ.

"ಈಗ ಬರಂಗಿಲ್ಲ." ಬಲಗೈಯನ್ನು ಎಡಗೈಯಿಂದ ಎತ್ತಿ ಚಾದರದ ಒಳಗೆ ಇಟ್ಟುಕೊಂಡರು.

"ಒಮ್ಮಿ ನೋಡೂಣ."

"ಬರಂಗಿಲ್ಲಂದ್ನೆಲ್ಲ. ಏನ್ ಬಿತ್ತು ಮೀನ?"

ಹಾಸಿಗೆಯ ತುದಿಗೆ ಕುಳಿತು ಹೇಳಿದೆ. ಬಂಡೆಯ ಮಗ್ಗುಲಿನ ನೀರು ಉಬ್ಬಿದ್ದು, ಸಿಗಡಿಯ ಮೀಸೆ ಗಿಡ್ಡ ಮಾಡಿದ್ದು, ಎಲ್ಲಿ ಇಳಿಸಿದೆ, ಎಷ್ಟು ಜಗ್ಗಿದೆ, ಅದು ಹೇಗೆ ಮೊದಲು ಆಳಕ್ಕೆ ಹೋಗಿ ಆಮೇಲೆ ಹಾರಿತು. ಮೀನಿನ ಬೆನ್ನು ಕೈಗೆ ಹೇಗಿತ್ತು ಎಂದು ಹೇಳಲು ಮಾತು ಸಿಗದೆ ಎರಡೂ ಕೈ ಎತ್ತಿ ತೋರಿಸಿದೆ. ಇವರು ಹೂಂಗುಟ್ಟುತ್ತಿದ್ದರು. ನಡುವೆ ಎಲ್ಲೋ ಹೂಂಗುಟ್ಟುವುದು ನಿಂತಿತು. ನಿದ್ದೆ ಬಂದಿತ್ತೋ, ಸುಮ್ಮನೆ ಕಣ್ಣು ಮುಚ್ಚಿದ್ದರೋ. ಮುಚ್ಚಿದ ರೆಪ್ಪೆಯ ತುದಿ ಒದ್ದೆಯಿತ್ತು, ಲಕ್ವ ಹೊಡೆದ ಕಡೆಯ ಕಣ್ಣು ಯಾವಾಗಲೂ ಹಾಗೇ ಸೋರುತ್ತದೆ.

ಇನ್ನೂ ಬಹಳ ಹೇಳುವುದಿತ್ತು. ಹೇಳುತ್ತಲೇ ಇದ್ದೆ.